ತಾರಸಿ ಕಾಂಕ್ರೀಟ್‌ಗೆ ಮುನ್ನಾ ದಿನದ ತಪಾಸಣೆ: ಸದಸ್ಯರು ನೋಡಬೇಕಾದದ್ದು, ಕೇಳಬೇಕಾದದ್ದು

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನಡೆದ ತಾಲ್ಲೂಕು ಮಟ್ಟದ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಅಂಗನವಾಡಿ ಕಟ್ಟಡ, ಶಾಲಾ ಕೊಠಡಿ, ಗ್ರಂಥಾಲಯ, ಪಂಚಾಯಿತಿ ಕಾರ್ಯಾಲಯ, ಹೀಗೆ ನಮ್ಮ ಪಂಚಾಯಿತಿಗಳಲ್ಲಿ ಪ್ರತಿ ವರ್ಷ ಒಂದಲ್ಲ ಒಂದು ಕಟ್ಟಡ ಏಳುತ್ತಿರುತ್ತದೆ. ಅನುದಾನ ಯಾವ ಯೋಜನೆಯದ್ದಾದರೂ ಆಗಲಿ, ಆ ಕಟ್ಟಡಕ್ಕೆ ತಾರಸಿ ಹಾಕುವ ದಿನ ತಮಗೆಲ್ಲ ಆಹ್ವಾನ ಬರುತ್ತದೆ. ಹೂವು, ಅರಿಶಿನ, ಕುಂಕುಮ ಇಟ್ಟು ಪೂಜೆ ಮಾಡುತ್ತೇವೆ, ತೆಂಗಿನಕಾಯಿ ಒಡೆಯುತ್ತೇವೆ, ಮೊದಲ ಬಾಂಡಲಿ ಕಾಂಕ್ರೀಟನ್ನು ಅಧ್ಯಕ್ಷರ ಕೈಯಿಂದ ಹಾಕಿಸಿ ಛಾಯಾಚಿತ್ರ ತೆಗೆಯುತ್ತೇವೆ. ಈ ಸಂಪ್ರದಾಯ ಮುಂದುವರಿಯಲಿ. ಆದರೆ ತಾವು ಆ ಕಟ್ಟಡಕ್ಕೆ ಹೋಗಲೇಬೇಕಾದ ಇನ್ನೊಂದು ಹೊತ್ತಿದೆ. ಅದು ಪೂಜೆಯ ಹಿಂದಿನ ದಿನದ ಮಧ್ಯಾಹ್ನ. ಆ ಒಂದು ಭೇಟಿಯ ಕುರಿತು ತಮ್ಮೊಡನೆ ಮಾತನಾಡಲು ಬಂದಿದ್ದೇನೆ.

ಗೋಡೆ ಸೊಟ್ಟಗಾದರೆ ಕಣ್ಣಿಗೆ ಕಾಣುತ್ತದೆ, ಕೆಡವಿ ಮತ್ತೆ ಕಟ್ಟಬಹುದು. ಬಾಗಿಲು ಸರಿಯಿಲ್ಲದಿದ್ದರೆ ಬದಲಾಯಿಸಬಹುದು. ತಾರಸಿಯೊಳಗಿನ ಕಂಬಿ ಮಾತ್ರ ಕಾಂಕ್ರೀಟ್ ಬಿದ್ದ ಅರ್ಧ ದಿನದಲ್ಲಿ ಶಾಶ್ವತವಾಗಿ ಮರೆಯಾಗುತ್ತದೆ. ಬಳಿಕ ಅದು ಎಷ್ಟು ದಪ್ಪವಿತ್ತು, ಎಷ್ಟು ದೂರಕ್ಕೊಂದಿತ್ತು, ಯಾವ ಮಟ್ಟದಲ್ಲಿತ್ತು ಎಂಬುದನ್ನು ಬರಿಗಣ್ಣಿನಿಂದ ಯಾರೂ ಹೇಳಲಾರರು. ಆದಕಾರಣವೇ ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲೇ ಅಳೆದು ಅಳತೆ ಪುಸ್ತಕದಲ್ಲಿ ದಾಖಲಿಸಬೇಕೆಂಬ ಪದ್ಧತಿ ಇದೆ.

ನನ್ನದೇ ಒಂದು ತಪ್ಪನ್ನು ತಮ್ಮ ಮುಂದಿಡುತ್ತೇನೆ. ಸೇವೆಗೆ ಸೇರಿದ ಎರಡನೆಯ ವರ್ಷ, ಮಾರ್ಚ್ ತಿಂಗಳ ಕೊನೆಯ ವಾರ. ಅಂಗನವಾಡಿ ಕಟ್ಟಡವೊಂದಕ್ಕೆ ತಾರಸಿ ಹಾಕಬೇಕಿತ್ತು. ಹಣಕಾಸು ವರ್ಷ ಮುಗಿಯುವುದರೊಳಗೆ ಬಿಲ್ಲು ಆಗಬೇಕೆಂಬ ಅವಸರ ಎಲ್ಲರಿಗೂ ಇತ್ತು. ಹಿಂದಿನ ಸಂಜೆ ಕತ್ತಲಾಗುವ ಹೊತ್ತಿಗೆ ಕಂಬಿ ಕಟ್ಟುವುದು ಇನ್ನೂ ನಡೆದಿತ್ತು. ಬೆಳಿಗ್ಗೆ ಪೂಜೆಗೆ ಹೋದೆ, ಮೇಲೆ ಹತ್ತಿ ಒಂದು ಸುತ್ತು ನೋಡಿದೆ, ಛಾಯಾಚಿತ್ರಕ್ಕೆ ನಿಂತೆ, ಕಚೇರಿಯ ಸಭೆಗೆ ಹೊರಟುಬಿಟ್ಟೆ. ನಾನು ಸಿವಿಲ್ ಎಂಜಿನಿಯರಿಂಗ್ ಓದಿದವನು. ಕಂಬಿಯ ಕೆಳಗೆ ಬಿಲ್ಲೆಗಳಿಲ್ಲದೆ ಅಲ್ಲಲ್ಲಿ ಜಲ್ಲಿ ಚೂರುಗಳನ್ನು ತೂರಿಸಿದ್ದನ್ನು ಕಂಡಿದ್ದೆ. ಮಿಕ್ಸರ್ ಆಗಲೇ ತಿರುಗುತ್ತಿತ್ತು, ಇಪ್ಪತ್ತು ಜನ ಕೂಲಿಯಾಳುಗಳು ಕಾಯುತ್ತಿದ್ದರು, ಊರಿನ ಹಿರಿಯರು ನಿಂತಿದ್ದರು. ಬಾಯಿ ಬರಲಿಲ್ಲ.

ಐದು ವರ್ಷಗಳ ನಂತರ ಒಂದು ಮಧ್ಯಾಹ್ನ ಆ ಕೊಠಡಿಯ ಸೂರಿನಿಂದ ಚಾಪೆಯಗಲದ ಕಾಂಕ್ರೀಟ್ ಪದರ ಕಳಚಿ ಬಿತ್ತು. ಮಕ್ಕಳು ಆಗ ಊಟಕ್ಕೆಂದು ಹೊರಗಿನ ಜಗಲಿಯಲ್ಲಿ ಕುಳಿತಿದ್ದರು. ಅವರು ದಿನವೂ ಮಲಗುತ್ತಿದ್ದ ಜಾಗವದು. ನಾನು ಹೋಗಿ ನೋಡಿದಾಗ ತುಕ್ಕು ಹಿಡಿದ ಕಂಬಿಗಳು ಸಾಲಾಗಿ ಕಾಣುತ್ತಿದ್ದವು. ಕಡತದಲ್ಲಿ ಎಲ್ಲವೂ ಸರಿಯಾಗಿತ್ತು, ನನ್ನ ಸಹಿಯೂ ಇತ್ತು. ಆ ವಾರ್ಡಿನ ಹಿರಿಯ ಸದಸ್ಯೆಯೊಬ್ಬರು ನನ್ನನ್ನು ಬೈಯಲಿಲ್ಲ. "ಪೂಜೆಗೆ ಬನ್ನಿ ಅಂತ ನಮ್ಮನ್ನ ಕರೆದ್ರಿ ಸಾರ್, ಬಂದ್ವಿ, ಕಾಯಿ ಒಡೆದ್ವಿ. ಕಂಬಿ ನೋಡಿ ಅಂತ ಯಾರೂ ಹೇಳ್ಲಿಲ್ಲ. ಹೇಳಿದ್ರೆ ನೋಡ್ತಿದ್ವಲ್ಲ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಂದಿನ ಈ ಉಪನ್ಯಾಸವೇ ತಡವಾಗಿ ಕೊಡುತ್ತಿರುವ ಉತ್ತರವೆಂದು ತಿಳಿಯಿರಿ.

ತಪಾಸಣೆಗೆ ಹೋಗುವಾಗ ತಮ್ಮೊಡನೆ ಮೂರು ವಸ್ತುಗಳಿದ್ದರೆ ಸಾಕು: ಒಂದು ಅಳತೆ ಟೇಪು, ಮಂಜೂರಾದ ನಕ್ಷೆಯ ಪ್ರತಿ ಮತ್ತು ಒಂದು ಪೆನ್ನು. ನಕ್ಷೆಯ ಪ್ರತಿಯನ್ನು ಪಿ.ಡಿ.ಒ. ಅವರಿಂದ ಕೇಳಿ ಪಡೆಯಿರಿ. ಮುಂದೆ ಹೇಳುವ ಅಳತೆಗಳನ್ನು ಉದಾಹರಣೆಯೆಂದು ಭಾವಿಸಬೇಕು. ತಮ್ಮ ಕಟ್ಟಡಕ್ಕೆ ಅದರ ನಕ್ಷೆಯಲ್ಲಿ ಬರೆದಿರುವುದೇ ಅಂತಿಮ. ಉದಾಹರಣೆಗಾಗಿ 50 ಚದರ ಮೀಟರ್, ಅಂದರೆ ಸುಮಾರು 540 ಚದರ ಅಡಿಯ, 125 ಮಿ.ಮೀ. ದಪ್ಪದ ತಾರಸಿಯೊಂದನ್ನು ಇಟ್ಟುಕೊಳ್ಳೋಣ.

1. ಸೆಂಟ್ರಿಂಗ್

ಈ ಅಳತೆಯ ತಾರಸಿಯ ತೂಕವೇ ಹದಿನೈದು ಟನ್ನಿಗಿಂತ ಹೆಚ್ಚು. ಅದರ ಮೇಲೆ ಕೆಲಸಗಾರರು ಮತ್ತು ವೈಬ್ರೇಟರ್. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಇಷ್ಟೂ ಭಾರವನ್ನು ಹೊರುವುದು ಕೆಳಗಿನ ಕಂಬಗಳು ಮಾತ್ರ. ಆದ್ದರಿಂದ ಮೊದಲು ಕೆಳಗೆ ನಿಂತು ನೋಡಿರಿ. ಕಂಬಗಳು ನೆಟ್ಟಗಿವೆಯೇ? ಹೊಸದಾಗಿ ತುಂಬಿದ ಸಡಿಲ ಮಣ್ಣಿನ ಮೇಲೆ ನೇರವಾಗಿ ನಿಂತಿವೆಯೇ, ಅಥವಾ ಅಡಿಯಲ್ಲಿ ಹಲಗೆ ಇದೆಯೇ? ಉದ್ದ ಸಾಲದ ಕಂಬಕ್ಕೆ ಇಟ್ಟಿಗೆಗಳನ್ನು ಪೇರಿಸಿ ಎತ್ತರ ಕೊಟ್ಟಿದ್ದರೆ ಒಪ್ಪಬೇಡಿ, ಒಂದು ಇಟ್ಟಿಗೆ ಜಾರಿದರೆ ಸಾಕು. ಕಂಬದಿಂದ ಕಂಬಕ್ಕೆ ಅಡ್ಡಪಟ್ಟಿ ಬಿಗಿದಿರಬೇಕು. ಕೈಯಿಂದ ಬಲವಾಗಿ ತಳ್ಳಿದರೆ ಅಲುಗಬಾರದು.

ಬಳಿಕ ಮೇಲೆ ಹತ್ತಿರಿ. ಹಲಗೆ ಅಥವಾ ಕಬ್ಬಿಣದ ತಟ್ಟೆಗಳ ಸಂದಿನಿಂದ ಕೆಳಗಿನ ಬೆಳಕು ಕಂಡರೆ ಅಲ್ಲಿಂದ ಸಿಮೆಂಟ್ ಹಾಲು ಸೋರಿಹೋಗುತ್ತದೆ. ಹಾಲು ಸೋರಿದ ಕಡೆ ಬರೀ ಜಲ್ಲಿ ಉಳಿದು ಜೇನುಗೂಡಿನಂತೆ ತೂತುಗಳಾಗುತ್ತವೆ. ಸಂದುಗಳನ್ನು ಮುಚ್ಚಿಸಬೇಕು. ಮರದ ಸಿಪ್ಪೆ, ತಂತಿ ಚೂರು, ಮಣ್ಣು, ಗುಟ್ಕಾ ಪೊಟ್ಟಣಗಳು ಇದ್ದರೆ ಗುಡಿಸಿಸಬೇಕು.

2. ಕಂಬಿ

ಕಂಬಿಯ ಮೈಮೇಲೆ ಅದರ ದರ್ಜೆಯನ್ನು ಅಚ್ಚೊತ್ತಿರುತ್ತಾರೆ. ನಕ್ಷೆಯಲ್ಲಿ ಬರೆದ ದರ್ಜೆಯೇ ಇದೆಯೇ ಎಂದು ಓದಿರಿ. ದಪ್ಪವನ್ನು ಅಳೆಯುವ ಸಾಧನ ಅಭಿಯಂತರರ ಬಳಿ ಇರುತ್ತದೆ, ತೋರಿಸಿಕೊಡಲು ಕೇಳಿರಿ. 10 ಮಿ.ಮೀ. ಕಂಬಿ ಮೀಟರಿಗೆ ಸುಮಾರು 617 ಗ್ರಾಂ ತೂಗುತ್ತದೆ, 8 ಮಿ.ಮೀ. ಕಂಬಿ ಸುಮಾರು 395 ಗ್ರಾಂ. ಒಂದು ತುಂಡನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿದರೂ ನಿಜ ತಿಳಿಯುತ್ತದೆ. ಹತ್ತರ ಬದಲು ಎಂಟು ಹಾಕಿದರೆ ಎರಡೇ ಮಿಲಿಮೀಟರ್ ವ್ಯತ್ಯಾಸವೆಂದು ಹೇಳುವವರಿದ್ದಾರೆ. ಆ ಎರಡು ಮಿಲಿಮೀಟರಿನಲ್ಲಿ ಉಕ್ಕಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಗಿರುತ್ತದೆ.

ಅಂತರವನ್ನು ಅಳೆಯಲು ಒಂದು ಸುಲಭ ಕ್ರಮವಿದೆ. ಯಾವುದಾದರೂ ಹನ್ನೊಂದು ಕಂಬಿಗಳನ್ನು ಎಣಿಸಿ, ಮೊದಲನೆಯದರ ಮಧ್ಯದಿಂದ ಹನ್ನೊಂದನೆಯದರ ಮಧ್ಯದವರೆಗೆ ಟೇಪು ಹಿಡಿಯಿರಿ. ನಡುವೆ ಹತ್ತು ಅಂತರಗಳಿರುತ್ತವೆ. ನಕ್ಷೆಯಲ್ಲಿ 150 ಮಿ.ಮೀ. ಎಂದಿದ್ದರೆ ಟೇಪು ಒಂದೂವರೆ ಮೀಟರ್ ತೋರಿಸಬೇಕು. ಎರಡು ಮೀಟರ್ ತೋರಿಸಿದರೆ ಕಾಲುಭಾಗ ಕಂಬಿ ಕಡಿಮೆ ಎಂದರ್ಥ. ಎರಡು ಮೂರು ಕಡೆ, ಅದರಲ್ಲೂ ಕೊಠಡಿಯ ಮಧ್ಯದಲ್ಲಿ ಅಳೆಯಿರಿ.

ಕಂಬಿ ಸಾಲದೆ ಜೋಡಿಸಿದಲ್ಲಿ ಒಂದರ ಮೇಲೊಂದು ಎಷ್ಟು ಉದ್ದ ಬಂದಿದೆ ನೋಡಿರಿ. ಎಂ. 20 ದರ್ಜೆಯ ಕಾಂಕ್ರೀಟಿನಲ್ಲಿ ಎಫ್.ಇ. 500 ದರ್ಜೆಯ 10 ಮಿ.ಮೀ. ಕಂಬಿಗೆ ಇದು ಸುಮಾರು 57 ಸೆಂ.ಮೀ. ಬೇಕಾಗುತ್ತದೆ. ಗೇಣುದ್ದ ಜೋಡಿಸಿ ತಂತಿ ಸುತ್ತಿದರೆ ಆ ಕಂಬಿ ಅಲ್ಲಿಗೆ ಮುಗಿಯಿತು. ಎಲ್ಲ ಜೋಡಣೆಗಳೂ ಒಂದೇ ಸಾಲಿನಲ್ಲಿ ಬರಬಾರದು.

3. ಹೊದಿಕೆ

ನನ್ನ ತಪ್ಪು ನಡೆದದ್ದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಂಬಿಯ ಕೆಳಮೈಗೂ ತಾರಸಿಯ ಕೆಳಮೈಗೂ ನಡುವೆ ಇರುವ ಕಾಂಕ್ರೀಟ್ ಪದರಕ್ಕೆ ಹೊದಿಕೆ ಎನ್ನುತ್ತೇವೆ. ಭಾರತೀಯ ಮಾನಕ ಐ.ಎಸ್. 456ರ ಪ್ರಕಾರ ಸೌಮ್ಯ ವಾತಾವರಣದಲ್ಲಿ ಇದು ಸಾಮಾನ್ಯವಾಗಿ 20 ಮಿ.ಮೀ. ಇರಬೇಕು. ಹೊಸ ಕಾಂಕ್ರೀಟ್ ಕ್ಷಾರಗುಣದ್ದು, ಆ ಕ್ಷಾರವೇ ಕಂಬಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷಗಳು ಕಳೆದಂತೆ ನಿಧಾನವಾಗಿ ಒಳಗಿಳಿದು ಆ ಗುಣವನ್ನು ಕಳೆಯುತ್ತದೆ. ಅದು ಕಂಬಿಯನ್ನು ಮುಟ್ಟಿ, ತೇವವೂ ಸೇರಿದ ದಿನ ತುಕ್ಕು ಶುರುವಾಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದಲೇ ಒತ್ತಿ ಕಾಂಕ್ರೀಟನ್ನು ಸಿಡಿಸುತ್ತದೆ.

ಇಲ್ಲೊಂದು ಲೆಕ್ಕವನ್ನು ಗಮನಿಸಬೇಕು. ಹೊದಿಕೆ ಅರ್ಧವಾದರೆ ರಕ್ಷಣೆಯ ಕಾಲ ಅರ್ಧವಾಗುವುದೆಂದು ನಾವು ಊಹಿಸುತ್ತೇವೆ. ವಾಸ್ತವದಲ್ಲಿ ಅದು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. 20 ಮಿ.ಮೀ. ಹೊದಿಕೆ ನಲವತ್ತು ವರ್ಷ ಕಾಯುವ ಕಾಂಕ್ರೀಟಿನಲ್ಲಿ 10 ಮಿ.ಮೀ. ಹೊದಿಕೆ ಹತ್ತು ವರ್ಷ ಕಾಯುತ್ತದೆ. ಕಂಬಿ ಹಲಗೆಗೇ ತಾಗಿಕೊಂಡಿದ್ದರೆ ಮೊದಲ ದಿನದಿಂದಲೇ ಕಾವಲಿಲ್ಲ.

ಇದನ್ನು ತಡೆಯುವ ವಸ್ತು ಅತ್ಯಂತ ಅಗ್ಗದ್ದು: ಕವರ್ ಬ್ಲಾಕ್ ಎಂಬ ಸಣ್ಣ ಕಾಂಕ್ರೀಟ್ ಬಿಲ್ಲೆ. ಅಂದಾಜು ಒಂದು ಮೀಟರಿಗೊಂದರಂತೆ ಎರಡೂ ದಿಕ್ಕಿನಲ್ಲಿ ಕಂಬಿಯ ಕೆಳಗೆ ಇಟ್ಟು ಕಟ್ಟಿರಬೇಕು. ಜಲ್ಲಿ ಚೂರು ಮೊದಲ ತುಳಿತಕ್ಕೇ ಜಾರುತ್ತದೆ, ಮರದ ಚೂರು ಒಳಗೇ ಕೊಳೆತು ನೀರಿಗೆ ದಾರಿಯಾಗುತ್ತದೆ. ಎರಡನ್ನೂ ಒಪ್ಪಬೇಡಿ. ಪರೀಕ್ಷೆ ಸರಳ. ಕಂಬಿಯ ಮೇಲೆ ಕಾಲಿಟ್ಟು ಒತ್ತಿರಿ, ಬಗ್ಗಿ ನೋಡಿರಿ. ಹಲಗೆಗೆ ತಾಗಿದರೆ ಅಲ್ಲಿ ಇನ್ನೊಂದು ಬಿಲ್ಲೆ ಬೇಕು.

4. ಸಜ್ಜಾ ಮತ್ತು ಹೊರಚಾಚು

ಎರಡು ಗೋಡೆಗಳ ನಡುವಿನ ತಾರಸಿ ಭಾರ ಬಿದ್ದಾಗ ನಡುವೆ ಕೆಳಕ್ಕೆ ಬಗ್ಗುತ್ತದೆ. ಕೆಳಮೈ ಹಿಗ್ಗುವುದರಿಂದ ಅಲ್ಲಿ ಮುಖ್ಯ ಕಂಬಿ ಕೆಳಗಿರಬೇಕು. ಗೋಡೆಯಿಂದ ಹೊರಗೆ ಚಾಚಿದ ಸಜ್ಜಾ ಹಾಗಲ್ಲ, ಅದು ಚಾಚಿದ ತೋಳಿನಂತೆ. ತೋಳಿನ ಮೇಲೆ ಕೊಡ ತೂಗಿಸಿದರೆ ಮೇಲ್ಭಾಗದ ಸ್ನಾಯು ಎಳೆಯುತ್ತದೆ. ಆದ್ದರಿಂದ ಸಜ್ಜಾದಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲಿಯೇ ಇರಬೇಕು, ಮತ್ತು ಗೋಡೆಯ ಒಳಬದಿಗೆ ನಕ್ಷೆಯಷ್ಟು ಉದ್ದ ಹೋಗಿರಬೇಕು.

ಮುನ್ನಾ ದಿನ ಸರಿಯಾಗಿ ಕಟ್ಟಿದ ಈ ಮೇಲ್ಕಂಬಿಯೂ ಮರುದಿನ ಕೆಲಸಗಾರರ ಕಾಲ್ತುಳಿತಕ್ಕೆ ಕೆಳಗಿಳಿಯುವುದುಂಟು. ಆ ಸಜ್ಜಾ ಹೊರಗಿನಿಂದ ಸರಿಯಾಗಿಯೇ ಕಾಣುತ್ತದೆ. ಕೆಳಗಿನ ಆಸರೆ ತೆಗೆದ ದಿನ, ಇಲ್ಲವೇ ಮುಂದೊಂದು ದಿನ ಅದರ ಮೇಲೆ ಯಾರಾದರೂ ನಿಂತಾಗ, ಕಳಚಿ ಬೀಳುತ್ತದೆ. ಶಾಲೆಯ ಮಕ್ಕಳು ಮಳೆಗೆ ನಿಲ್ಲುವುದು ಸಜ್ಜಾದ ಕೆಳಗೇ ಎಂಬುದನ್ನು ಮರೆಯಬಾರದು. ಮೇಲ್ಕಂಬಿಯನ್ನು ಹೊತ್ತು ನಿಲ್ಲುವ ಕಂಬಿಯ ಕುರ್ಚಿಗಳು, ಅಂದರೆ ಚೇರ್‌ಗಳು, ಸಾಕಷ್ಟಿವೆಯೇ ನೋಡಿರಿ. ಕಾಂಕ್ರೀಟ್ ಹೊತ್ತವರು ನಡೆಯಲು ಕಂಬಿಯ ಮೇಲೆ ಹಲಗೆಯ ದಾರಿ ಸಿದ್ಧವಿದೆಯೇ ಕೇಳಿರಿ.

ಇದೇ ಸಮಯದಲ್ಲಿ ಫ್ಯಾನಿನ ಕೊಕ್ಕೆ, ವಿದ್ಯುತ್ ಪೈಪು, ಮಳೆನೀರು ಹೊರಹೋಗುವ ಕೊಳವೆಗಳು ಸ್ಥಾನದಲ್ಲಿವೆಯೇ ಎಂದೂ ನೋಡಿರಿ. ಮರೆತರೆ ಮುಂದೆ ತಾರಸಿಯನ್ನು ಒಡೆಯುತ್ತಾರೆ, ಒಡೆದಲ್ಲಿ ಸೋರುತ್ತದೆ.

5. ಸಾಮಗ್ರಿ ಮತ್ತು ನೀರು

1:1.5:3 ಪ್ರಮಾಣದ ಮಿಶ್ರಣಕ್ಕೆ ಘನ ಮೀಟರಿಗೆ ಸುಮಾರು ಎಂಟು ಚೀಲ ಸಿಮೆಂಟ್ ಬೇಕು. ನಮ್ಮ ಉದಾಹರಣೆಯ ತಾರಸಿ 6.25 ಘನ ಮೀಟರ್, ಅಂದರೆ 50 ಚೀಲ. ತೊಲೆಗಳಿದ್ದರೆ ಇನ್ನೂ ಹೆಚ್ಚು. ಮುನ್ನಾ ದಿನವೇ ಚೀಲಗಳನ್ನು ಎಣಿಸಿ ಬರೆದಿಡಿ, ಸಂಜೆ ಖಾಲಿ ಚೀಲಗಳನ್ನೂ ಎಣಿಸಿ. ಸಿಮೆಂಟ್ ಸಾಲದೆ ಅರ್ಧಕ್ಕೆ ನಿಂತರೆ ಹಳೆಯ ಮತ್ತು ಹೊಸ ಕಾಂಕ್ರೀಟ್ ಕೂಡುವಲ್ಲಿ ಸೋರಿಕೆ ಬಹುತೇಕ ಖಚಿತ. ಚೀಲದ ಮೇಲೆ ತಯಾರಿಕೆಯ ವಾರ ಮತ್ತು ವರ್ಷ ಮುದ್ರಿತವಾಗಿರುತ್ತದೆ. ಮೂರು ತಿಂಗಳು ಮೀರಿದ್ದರೆ ಮರುಪರೀಕ್ಷೆಯಿಲ್ಲದೆ ಬಳಸಬಾರದು. ಗಂಟುಕಟ್ಟಿದ ಚೀಲವನ್ನು ಬದಿಗಿಡಿಸಿ.

ಎಂ-ಸ್ಯಾಂಡ್ ಎಂದು ಕ್ರಷರಿನ ಪುಡಿಯನ್ನು ತಂದು ಸುರಿಯುವುದುಂಟು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಅಂಗೈಗೆ ಹಿಟ್ಟಿನಂತೆ ಮೆತ್ತಿಕೊಂಡರೆ ಅಭಿಯಂತರರಿಗೆ ತಿಳಿಸಿ. ನದಿ ಮರಳಾದರೆ ಗಾಜಿನ ಬಾಟಲಿಯಲ್ಲಿ ಅರ್ಧ ಮರಳು, ಮೇಲೆ ಉಪ್ಪು ಬೆರೆಸಿದ ನೀರು ಹಾಕಿ ಕುಲುಕಿ ಮೂರು ಗಂಟೆ ಬಿಡಿ. ಮೇಲೆ ಕೂತ ಕೆಸರಿನ ಪದರ ಮರಳಿನ ಎತ್ತರದ ಶೇ. 8ನ್ನು ಮೀರಬಾರದು.

ಮಿಕ್ಸರ್ ಪಕ್ಕದಲ್ಲಿ 35 ಲೀಟರಿನ ಅಳತೆ ಪೆಟ್ಟಿಗೆ ಇರಬೇಕು, ಒಂದು ಚೀಲ ಸಿಮೆಂಟ್ ಅಷ್ಟೇ ಜಾಗ ಹಿಡಿಯುತ್ತದೆ. ಚೀಲವೊಂದಕ್ಕೆ ಮರಳು ಒಂದೂವರೆ ಪೆಟ್ಟಿಗೆ, ಜಲ್ಲಿ ಮೂರು. ಬಾಂಡಲಿಯ ಲೆಕ್ಕ ಹೊತ್ತವರ ಕೈಯಂತೆ ಬದಲಾಗುತ್ತದೆ. ನೀರು ಚೀಲಕ್ಕೆ 30 ಲೀಟರ್ ಮೀರಕೂಡದು, ಅಂದರೆ 15 ಲೀಟರಿನ ಎರಡು ಬಕೆಟ್. ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಕಾಂಕ್ರೀಟ್ ಸುಲಭವಾಗಿ ಹರಿಯಲೆಂದು ಪೈಪು ಹಿಡಿಯುವುದು ನಮ್ಮಲ್ಲಿ ಸಾಮಾನ್ಯ. ಆ ಹೆಚ್ಚುವರಿ ನೀರು ಆವಿಯಾಗಿ ಹೋದ ಜಾಗದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ, ತಾರಸಿ ಸೋರುವುದು ಅವುಗಳ ಮೂಲಕವೇ.

ಇನ್ನೊಂದು ನೀರಿನ ಪ್ರಶ್ನೆಯನ್ನೂ ಅಂದೇ ಕೇಳಬೇಕು: ಕ್ಯೂರಿಂಗ್‌ಗೆ ನೀರು ಎಲ್ಲಿಂದ? ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಪಿ.ಪಿ.ಸಿ. ಸಿಮೆಂಟ್ ಅಥವಾ ಬಿಸಿ ಒಣ ಹವೆಯಿದ್ದರೆ ಕನಿಷ್ಠ 10 ದಿನ ತಾರಸಿ ತೇವವಾಗಿರಬೇಕು. 14 ದಿನ ಮಾಡಿದರೆ ಉತ್ತಮ. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಿನಲ್ಲಿ ಏಪ್ರಿಲ್ ತಿಂಗಳ ತಾರಸಿ ಮೂರನೆಯ ದಿನಕ್ಕೇ ಒಣಗುತ್ತದೆ. ನೀರಿನ ಮೂಲ ಗೊತ್ತಾಗದೆ ತಾರಸಿ ಹಾಕಬಾರದು.

6. ಸಲಕರಣೆ ಮತ್ತು ಪರೀಕ್ಷಾ ಘನಗಳು

ವೈಬ್ರೇಟರ್ ಒಂದನ್ನು ಅಂದೇ ಚಾಲೂ ಮಾಡಿಸಿ ನೋಡಿರಿ, ಬದಲಿ ಒಂದು ಇರಲಿ. ಇಂಧನ, ಮಳೆ ಬಂದರೆ ಹೊದಿಸಲು ಟಾರ್ಪಾಲು ಇವೆಯೇ ಕೇಳಿರಿ. 150 ಮಿ.ಮೀ. ಅಳತೆಯ ಘನಾಕಾರದ ಅಚ್ಚುಗಳು ಸ್ಥಳಕ್ಕೆ ಬಂದಿರಬೇಕು. 6ರಿಂದ 15 ಘನ ಮೀಟರಿನ ಕೆಲಸಕ್ಕೆ ಎರಡು ಮಾದರಿ, ಮಾದರಿಗೆ ಮೂರರಂತೆ ಆರು ಘನಗಳು. ಅವುಗಳನ್ನು ತಮ್ಮ ತಾರಸಿಗೆ ಹಾಕುತ್ತಿರುವ ಕಾಂಕ್ರೀಟಿನಿಂದಲೇ ತುಂಬಬೇಕು. 28ನೆಯ ದಿನದ ಪರೀಕ್ಷಾ ವರದಿಯನ್ನು ಪಂಚಾಯಿತಿ ಸಭೆಯಲ್ಲಿ ಓದಿಸಿರಿ.

ಆಸರೆ ತೆಗೆಯುವ ದಿನಾಂಕವನ್ನೂ ಮೊದಲೇ ಗೋಡೆಯ ಮೇಲೆ ಬರೆಸಿರಿ. ಸಾಮಾನ್ಯ ಸಿಮೆಂಟಿನಲ್ಲಿ 4.5 ಮೀಟರ್ ವರೆಗಿನ ಅಗಲದ ತಾರಸಿಗೆ ಕನಿಷ್ಠ 7 ದಿನ, ಅದಕ್ಕೂ ಹೆಚ್ಚಿದ್ದರೆ 14 ದಿನ. ತೊಲೆಗಳಿಗೆ 6 ಮೀಟರ್ ವರೆಗೆ 14, ಮೀರಿದರೆ 21 ದಿನ. ಪಿ.ಪಿ.ಸಿ. ಆದರೆ ಅಭಿಯಂತರರು ಹೇಳಿದಷ್ಟು ಹೆಚ್ಚು ಕಾಯಬೇಕು. ಹಲಗೆಯ ಬಾಡಿಗೆ ಏರುತ್ತಿದೆಯೆಂಬುದು ಬೇಗ ತೆಗೆಯಲು ಕಾರಣವಾಗದು.

ಮಾನ್ಯ ಸದಸ್ಯರೇ,

ಇವೆಲ್ಲವನ್ನೂ ನೋಡಲು ಒಂದು ಗಂಟೆ ಸಾಕು. ಕಷ್ಟವಿರುವುದು ನೋಡುವುದರಲ್ಲಿಲ್ಲ, ನೋಡಿದ್ದನ್ನು ಹೇಳುವುದರಲ್ಲಿ. ಗುತ್ತಿಗೆದಾರರು ನಮ್ಮೂರಿನವರೇ ಇರುತ್ತಾರೆ, ಕೆಲವೊಮ್ಮೆ ನೆಂಟರೇ. "ಎಷ್ಟೋ ಮೋಲ್ಡ್ ಹಾಕಿದ್ದೇವೆ, ಏನೂ ಆಗಿಲ್ಲ" ಎಂದು ಮೇಸ್ತ್ರಿ ನಗುತ್ತಾರೆ. ತಮ್ಮ ಅಧಿಕಾರದ ಎಲ್ಲೆ ತಮಗೆ ತಿಳಿದಿರಲಿ. ತಾಂತ್ರಿಕ ತೀರ್ಮಾನ ಅಭಿಯಂತರರದು. ಕಂಬಿ ಹೀಗೆ ಕಟ್ಟು, ಹಾಗೆ ಬಗ್ಗಿಸು ಎಂದು ಕೆಲಸಗಾರರಿಗೆ ನಾವು ಆಜ್ಞೆ ಮಾಡಬಾರದು. ತಪ್ಪು ಕಂಡುದನ್ನು ಗುತ್ತಿಗೆದಾರರೊಡನೆ ಗುಟ್ಟಾಗಿ ಚೌಕಾಸಿ ಮಾಡುವ ವಿಷಯವಾಗಿಸಿದರೆ ಅದು ತಪಾಸಣೆ ಮಾಡದಿರುವುದಕ್ಕಿಂತಲೂ ಕೆಟ್ಟದ್ದು. ಕಂಡದ್ದನ್ನು ಛಾಯಾಚಿತ್ರ ಸಹಿತ ಅಭಿಯಂತರರಿಗೂ ಪಿ.ಡಿ.ಒ. ಅವರಿಗೂ ಅಂದೇ ಲಿಖಿತವಾಗಿ ತಿಳಿಸಿರಿ. ಉತ್ತರವನ್ನೂ ಲಿಖಿತವಾಗಿ ಕೇಳಿರಿ.

ಮುನ್ನಾ ದಿನ ಎನ್ನುವುದಕ್ಕೆ ಕಾರಣವೂ ಇದೇ. ಮಿಕ್ಸರ್ ತಿರುಗಲಾರಂಭಿಸಿದ ಮೇಲೆ, ಕಾಯಿ ಒಡೆದ ಮೇಲೆ, ನಿಲ್ಲಿಸಿರಿ ಎನ್ನಲು ಎಂಜಿನಿಯರಿಂಗ್ ಓದಿದ ನನಗೇ ಧೈರ್ಯ ಬರಲಿಲ್ಲ. ಹಿಂದಿನ ಮಧ್ಯಾಹ್ನವಾದರೆ ಯಾರಿಗೂ ಅವಮಾನವಿಲ್ಲ, ಬಿಲ್ಲೆ ತರಿಸಲು ಹೊತ್ತಿದೆ, ಕೂಲಿಯವರಿಗೆ ನಾಳಿದ್ದು ಬನ್ನಿ ಎಂದು ಹೇಳಲು ಅವಕಾಶವಿದೆ.

ಆದ್ದರಿಂದ ತಮ್ಮಲ್ಲಿ ನನ್ನದೊಂದು ಕೋರಿಕೆ. ತಮ್ಮ ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಮಂಡಿಸಿ, ಪಂಚಾಯಿತಿ ವ್ಯಾಪ್ತಿಯ ಯಾವುದೇ ಕಟ್ಟಡಕ್ಕೆ ತಾರಸಿ ಹಾಕುವ ಮುನ್ನಾ ದಿನ ಒಂದು ಪುಟದ ತಪಾಸಣಾ ಪಟ್ಟಿಯನ್ನು ಸ್ಥಳದಲ್ಲಿಯೇ ಭರ್ತಿ ಮಾಡತಕ್ಕದ್ದೆಂದು ತೀರ್ಮಾನ ಕೈಗೊಳ್ಳಿರಿ. ಅದಕ್ಕೆ ಅಭಿಯಂತರರು, ಪಿ.ಡಿ.ಒ., ವಾರ್ಡಿನ ಸದಸ್ಯರು ಮತ್ತು ಗುತ್ತಿಗೆದಾರರು ನಾಲ್ವರೂ ಸಹಿ ಮಾಡಲಿ. ಪ್ರತಿಯೊಂದನ್ನು ಸೂಚನಾ ಫಲಕಕ್ಕೆ ಅಂಟಿಸಲಿ. ಅಂಗನವಾಡಿಯಾದರೆ ಕಾರ್ಯಕರ್ತೆಯನ್ನೂ ಮಕ್ಕಳ ತಾಯಂದಿರಿಬ್ಬರನ್ನೂ ಆ ಹೊತ್ತಿಗೆ ಕರೆಯಿರಿ. ಆ ಸೂರಿನ ಕೆಳಗೆ ಮಲಗುವವು ಅವರ ಮಕ್ಕಳು.

ನಾನು ಹೇಳಿದ ಆ ಅಂಗನವಾಡಿಯ ಸೂರನ್ನು ದುರಸ್ತಿ ಮಾಡಿಸಿದ್ದೇವೆ. ಆದರೂ ಅಲ್ಲಿಗೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಮೇಲಕ್ಕೆ ಹೋಗುತ್ತದೆ. ತಾವು ತಮ್ಮ ಅವಧಿಯಲ್ಲಿ ಕಟ್ಟಿಸಿದ ಕೊಠಡಿಯೊಳಗೆ ಇಪ್ಪತ್ತು ವರ್ಷಗಳ ನಂತರ ಕಾಲಿಟ್ಟಾಗ ಸೂರಿನತ್ತ ನೋಡುವ ಅಗತ್ಯವೇ ಬೀಳದಿರಲಿ ಎಂದು ಹಾರೈಸುತ್ತೇನೆ.